ಲೈನ್‌ಮನ್ ನೆಟ್ಟ ವಾಟೆ

ಹೋದ ವಾರ ನಮ್ಮ ಬೀದಿಯಲ್ಲಿ ಕರೆಂಟಿನವರು ತಂತಿಗೆ ತಾಗುವ ಕೊಂಬೆಗಳನ್ನೆಲ್ಲ ಕಡಿದು ಹಾಕಿದ್ದರು. ತುಮಕೂರಿನಲ್ಲಿ ಮಳೆಗಾಲಕ್ಕೆ ಮುಂಚೆ ಪ್ರತಿವರ್ಷ ಇರುವ ಕೆಲಸವೇ. ಸಂಜೆ ಆಫೀಸಿನಿಂದ ಬಂದು ಗೇಟು ತೆಗೆಯಬೇಕಾದರೆ ಎದುರುಮನೆಯ ಮಾವಿನ ಕೊಂಬೆಯೊಂದು ಅಡ್ಡ ಬಿದ್ದಿತ್ತು. ಎಳೆದು ಪಕ್ಕಕ್ಕೆ ಹಾಕಿದೆ. ಕೈಗೆ ಸೊನೆ ಹತ್ತಿತು. ಹಸಿ ಸೊನೆಯ ವಾಸನೆ ಸೋಪು ಹಾಕಿದರೂ ಬೇಗ ಹೋಗುವುದಿಲ್ಲ. ಊಟಕ್ಕೆ ಕೂತಾಗಲೂ ಬೆರಳಲ್ಲಿತ್ತು. ಗುಬ್ಬಿಯ ನಮ್ಮ ಹಿತ್ತಿಲು, ಖಾಕಿ ಅಂಗಿ, ಭುಜಕ್ಕೆ ಸುತ್ತಿಕೊಂಡ ಹಗ್ಗ... ಲೈನ್‌ಮನ್ ಮಾಮ ನೆನಪಾದರು. ಬೇಸಿಗೆಯಲ್ಲಿ ಅವರ ಕೈಗಳು ಇದೇ ವಾಸನೆ ಹೊಡೆಯುತ್ತಿದ್ದವು.

ಅವರಿಗೊಂದು ಹೆಸರಿತ್ತು. ಬೀದಿಯಲ್ಲಿ ಅದನ್ನು ಯಾರೂ ಬಳಸುತ್ತಿರಲಿಲ್ಲ. ದೊಡ್ಡವರಿಗೆ ಲೈನ್‌ಮನ್ನು, ಮಕ್ಕಳಿಗೆ ಲೈನ್‌ಮನ್ ಮಾಮ. ಅವರು ಗುಬ್ಬಿಗೆ ವರ್ಗವಾಗಿ ಬಂದಾಗ ನಾನು ಆರನೇ ಕ್ಲಾಸಿನ ಹುಡುಗಿ. ತೊಂಬತ್ತೊಂದನೇ ಇಸವಿ ಇರಬೇಕು. ಅಪ್ಪ ಬೆಳಿಗ್ಗೆ ರೈಲಿಗೆ ಹಿರೇಹಳ್ಳಿಯ ಕಾರ್ಖಾನೆಗೆ ಹೋದರೆ ಮನೆಯಲ್ಲಿ ಅಮ್ಮ, ನಾನು ಇಬ್ಬರೇ. ವಾರಕ್ಕೊಮ್ಮೆ ಫ್ಯೂಸ್ ಹೋಗುತ್ತಿತ್ತು. ಸುದ್ದಿ ಕೊಟ್ಟರೆ ಸೈಕಲ್ಲಿನಲ್ಲಿ ಬರುತ್ತಿದ್ದರು. ಹೆಗಲ ಚೀಲದಲ್ಲಿ ಟೆಸ್ಟರು, ಕಟಿಂಗ್ ಪ್ಲೇಯರು, ಫ್ಯೂಸ್ ತಂತಿ, ರಬ್ಬರ್ ಗ್ಲೌಸು. ಅವುಗಳ ಜೊತೆಗೆ ಒದ್ದೆ ಬಟ್ಟೆಯಲ್ಲಿ ಸುತ್ತಿದ ಬೀಜಗಳು. ಯಾರ ಮನೆಯಲ್ಲಿ ಹಣ್ಣು ಕೊಟ್ಟರೂ ತಿಂದು ಬೀಜ ಚೀಲಕ್ಕೆ ಹಾಕಿಕೊಳ್ಳುವವರು. ಸಪೋಟ, ಸೀತಾಫಲ, ನೇರಳೆ, ಹಲಸು, ಏನಿದ್ದರೂ ಸರಿ. ನಾವು ಮಕ್ಕಳು ತಿಂದು ಉಗಿಯಲು ಹೋದರೆ ಅಂಗೈ ಚಾಚುತ್ತಿದ್ದರು. ನಮಗೆ ನಾಚಿಕೆ; ಅವರಿಗೆ ಅದೇನೂ ಇರಲಿಲ್ಲ.

"ಏನ್ರೀ ಲೈನ್‌ಮನ್ನು, ಊರ ಮರಾನೆಲ್ಲ ಕಡೀತೀರಿ, ಬೀಜ ಮಾತ್ರ ಹಿಂಗೆ ಎತ್ತಿಡ್ತೀರಿ," ಎಂದು ಅಮ್ಮ ಒಮ್ಮೆ ಕೇಳಿದ್ದರು.

"ಕಡಿಯೋದು ಸರ್ಕಾರದ ಕೆಲ್ಸ ಅಮ್ಮಾರೆ, ನೆಡೋದು ನಂದು," ಎಂದು ಅವರು ನಕ್ಕಿದ್ದರು.

ಅವರ ಕ್ವಾರ್ಟರ್ಸು ನಮ್ಮ ಬೀದಿಯ ತುದಿಯಲ್ಲೇ ಇತ್ತು. ಬಾಗಿಲ ಮುಂದೆ ಕಾಲಿಡಲು ಜಾಗವಿರಲಿಲ್ಲ. ಹಾಲಿನ ಕವರು, ಒಡೆದ ಕೊಡ, ಎಣ್ಣೆ ಡಬ್ಬ, ಎಲ್ಲದರಲ್ಲೂ ಮಣ್ಣು, ಮಣ್ಣಿನಲ್ಲಿ ಒಂದೊಂದು ಗಿಡ. ಶಾಲೆ ಬಿಟ್ಟ ಮೇಲೆ ನಾನು ಅಲ್ಲೇ ಇರುತ್ತಿದ್ದೆ. ಪರಂಗಿ ಬೀಜವನ್ನು ಬೂದಿಯಲ್ಲಿ ಉಜ್ಜಿ ಲೋಳೆ ತೆಗೆಯಬೇಕು. ಹಲಸಿನ ಬೀಜವನ್ನು ಒಣಗಿಸಲೇಬಾರದು, ತಿಂದ ದಿನವೇ ಊರಬೇಕು. ಸೀತಾಫಲದ ಬೀಜಕ್ಕೆ ಅವಸರವಿಲ್ಲ, ಅದು ತಿಂಗಳುಗಟ್ಟಲೆ ಕಾಯುತ್ತದೆ. ಇವನ್ನೆಲ್ಲ ಪಾಠದಂತೆ ಅವರು ಹೇಳಲಿಲ್ಲ. ಕೈ ಕೆಲಸ ಮಾಡುತ್ತಿತ್ತು, ನಾನು ನೋಡುತ್ತಿದ್ದೆ.

ಮಾವಿನ ವಾಟೆ, ಅಂದರೆ ಗೊರಟು, ಒಡೆದು ತೋರಿಸಿದ ದಿನ ಮಾತ್ರ ಚೆನ್ನಾಗಿ ನೆನಪಿದೆ. ನೆರಳಲ್ಲಿ ಎರಡು ದಿನ ಆರಿಸಿದ್ದ ವಾಟೆಯ ಅಂಚನ್ನು ಕಟಿಂಗ್ ಪ್ಲೇಯರಿನಿಂದ ಮೆಲ್ಲಗೆ ಕಚ್ಚಿ ಕಚ್ಚಿ ಬಿಡಿಸಿದರು. ಗಟ್ಟಿ ಸಿಪ್ಪೆಯೊಳಗೆ ತೆಳ್ಳನೆ ಕಂದು ಪೊರೆ ಹೊದ್ದು ಮಲಗಿದ್ದ ಬಿಳಿ ಬೀಜವನ್ನು ನನ್ನ ಅಂಗೈ ಮೇಲಿಟ್ಟರು. ಮೂತ್ರಪಿಂಡದ ಆಕಾರ, ತಣ್ಣಗಿತ್ತು.

"ಇದ್ರೊಳಗೆ ಏನೈತೆ ಹೇಳು ಮಗಾ?"

"ಏನಿಲ್ಲ, ಬೀಜ."

"ನಿಮ್ಮನೆಗಿಂತ ಎತ್ತರದ್ದು ಒಂದೈತೆ. ಮಡಿಚಿ ಇಟ್ಟವ್ರೆ, ಅಷ್ಟೇ."

ಬೆನ್ನು ಮೇಲೆ, ಹೊಟ್ಟೆ ಕೆಳಗೆ ಬರುವಂತೆ ಅದನ್ನು ಮಣ್ಣಲ್ಲಿ ಕೂರಿಸಿದರು. ಮೂರನೇ ವಾರ ಮಣ್ಣು ಬಿರಿದು, ಬಗ್ಗಿದ ಕತ್ತೊಂದು ಮೇಲೆ ಬಂತು. ಎರಡು ದಿನ ಬಿಟ್ಟು ನೋಡಿದರೆ ಎಲೆ ಬಿಚ್ಚಿಕೊಂಡು ನಿಂತಿತ್ತು. ಹಸಿರಲ್ಲ, ಹೊಸ ತಾಮ್ರದ ಬಣ್ಣ. ಬೆಳಕಿಗೆ ಹಿಡಿದರೆ ಎಲೆಯೊಳಗಿನ ನರಗಳೆಲ್ಲ ಕಾಣುತ್ತಿದ್ದವು. ನಾನು ಅದನ್ನು ಮುಟ್ಟಲು ಹೆದರಿದೆ. ಅವತ್ತಿನಿಂದ ಯಾವ ಹಣ್ಣಿನ ಬೀಜವನ್ನೂ ಬೀದಿಗೆ ಎಸೆಯಲು ನನಗೆ ಕೈ ಬರಲಿಲ್ಲ.

ಬಾಗಿಲ ಮುಂದಿನ ಗಿಡಗಳನ್ನು ಅವರು ಕೇಳಿದವರಿಗೆಲ್ಲ ಕೊಟ್ಟುಬಿಡುತ್ತಿದ್ದರು. ಗೋಡೆಯ ಪಕ್ಕದ ಒಂದು ಸಾಲನ್ನು ಮಾತ್ರ ಕೊಡುತ್ತಿರಲಿಲ್ಲ. ಹನ್ನೊಂದು ಮಾವಿನ ಸಸಿಗಳು, ಹಾಲಿನ ಕವರಿನಲ್ಲಿ. ವರ್ಗವಾಗಿ ಬರುವಾಗ ಲಾರಿಯಲ್ಲಿ ಪಾತ್ರೆ ಪಗಡೆಗಳ ಮಧ್ಯೆ ಒಂದನ್ನೂ ಮುರಿಯದೆ ಅವರು ತಂದ ಸಸಿಗಳವು. ಅವಕ್ಕೆ ಅವರೇ ಮನೆ ಹುಡುಕಿದರು. ಫ್ಯೂಸ್ ಹಾಕಲು ಹೋದ ಮನೆಯ ಹಿತ್ತಿಲನ್ನೆಲ್ಲ ನೋಡುತ್ತಿದ್ದರು. ಮೊದಲು ಕತ್ತೆತ್ತಿ ತಂತಿ ಎಲ್ಲಿದೆ ಎಂದು ನೋಡುವುದು, ಆಮೇಲೆ ನೆಲ. ಮುಂದೆ ಎಂದಾದರೂ ಲೈನ್ ಎಳೆದರೆ ಯಾವ ಕಡೆಯಿಂದ ಬಂದೀತು ಎಂದು ಲೆಕ್ಕ ಹಾಕಿ, ಅದರಿಂದ ದೂರದ ಮೂಲೆ ಆರಿಸುವುದು. ನಮ್ಮ ಹಿತ್ತಿಲಲ್ಲಿ ಬಾವಿಯ ಆಚೆಗಿನ ಮೂಲೆ ಅವರಿಗೆ ಒಪ್ಪಿಗೆಯಾಯಿತು. ಕವರಿನ ತಳ ಕತ್ತರಿಸಿ, ತಾಯಿಬೇರು ಬಾಗದಂತೆ ಮಣ್ಣಿನ ಸಮೇತ ಗುಂಡಿಗೆ ಇಳಿಸಿ, ಸುತ್ತ ಜಾಲಿಮುಳ್ಳು ಕಟ್ಟಿದರು.

"ಮೊದ್ಲು ಬಿಡೋ ಹಣ್ಣು ನಂಗೆ ಕೊಡ್ಬೇಕು ಅಮ್ಮಾರೆ. ಇದೊಂದೇ ನನ್ನ ಕಂಡೀಶನ್ನು," ಎಂದರು.

"ಆಗ್ಲಿ. ಯಾವಾಗ ಬಿಡುತ್ತೆ?"

"ಏಳೊರ್ಷ, ಎಂಟೊರ್ಷ. ಹತ್ತಾದ್ರೂ ಆಗ್ಬೋದು."

"ಅಷ್ಟೊತ್ತಿಗೆ ನೀವು ಯಾವೂರಲ್ಲಿರ್ತೀರೋ," ಎಂದು ಅಮ್ಮ ನಕ್ಕರು.

"ಎಲ್ಲಿದ್ರೂ ಬರ್ತೀನಿ."

ಹನ್ನೊಂದರಲ್ಲಿ ಉಳಿದದ್ದು ಐದು. ಎರಡನ್ನು ಮೇಕೆ ತಿಂದವು. ಒಂದು ಮನೆಯವರು ಕೋಣೆ ಕಟ್ಟಲು ಕಿತ್ತರು. ಇನ್ನು ಕೆಲವು ಸುಮ್ಮನೆ ಒಣಗಿದವು. ಒಂದೊಂದು ಹೋದಾಗಲೂ ಮಾಮ ಹೋಗಿ ನೋಡಿ ಬರುತ್ತಿದ್ದರು. ನಾನು ಹೈಸ್ಕೂಲು ಮುಗಿಸುವ ಹೊತ್ತಿಗೆ ಅಕ್ಕಿ ಗಿರಣಿಯವರ ಮನೆಯ ಮರ ಮೊದಲು ಕಾಯಿ ಬಿಟ್ಟಿತು. ಅವತ್ತು ನಾನೂ ಜೊತೆಗಿದ್ದೆ. ಮಾಮ ಹಣ್ಣನ್ನು ತೊಟ್ಟಿನ ಕಡೆಯಿಂದ ಮೂಗಿಗೆ ಹಿಡಿದು ಬಹಳ ಹೊತ್ತು ಕಣ್ಣು ಮುಚ್ಚಿ ನಿಂತರು. ಆಮೇಲೆ ಒಂದು ಹೋಳು ಬಾಯಿಗೆ ಹಾಕಿಕೊಂಡರು. ಗಿರಣಿಯವರ ಮನೆಯವರೆಲ್ಲ ಸುತ್ತ ನಿಂತಿದ್ದರು.

"ಒಳ್ಳೇ ಹಣ್ಣು," ಎಂದರು ಮಾಮ. "ಅದಲ್ಲ."

ಗಿರಣಿಯವರಿಗೆ ಮುಖ ಸಣ್ಣಗಾಯಿತು. ಮುಂದಿನ ವರ್ಷ ಇನ್ನೂ ಮೂರು ಮರ ಬಿಟ್ಟವು. ಒಂದು ಹುಳಿ, ಒಂದರಲ್ಲಿ ಬರೀ ನಾರು, ಮೂರನೆಯದು ಎಲ್ಲರೂ ಹೊಗಳಿದ ಹಣ್ಣು. ಮೂರಕ್ಕೂ ಅವರದು ಅದೇ ಮಾತು. ಅದಲ್ಲ.

"ಅದು ಅಂದ್ರೆ ಯಾವ್ದು ಮಾಮ?" ಎಂದು ಕೇಳಿದೆ. ನಮ್ಮ ಮನೆಯ ಜಗಲಿಯ ಮೇಲೆ ಕಾಫಿ ಕುಡಿಯುತ್ತಿದ್ದರು. ಲೋಟ ಕೆಳಗಿಟ್ಟು, ನನಗಲ್ಲ, ಅಮ್ಮನಿಗೆ ಹೇಳಿದರು.

ಅವರ ಊರು ಹುಲಿಯೂರುದುರ್ಗದ ಹತ್ತಿರ. ಚಿಕ್ಕಂದಿನಲ್ಲೇ ತಂದೆತಾಯಿ ಹೋಗಿ, ಅವರನ್ನು ಬೆಳೆಸಿದ್ದು ಅಕ್ಕ. ಮನೆಯ ಹಿಂದೆ ಅವರ ತಾಯಿ ವಾಟೆ ಹಾಕಿ ಬೆಳೆಸಿದ ಮಾವಿನ ಮರವೊಂದಿತ್ತು. ಅಂಥ ಹಣ್ಣು ಸುತ್ತಿನಲ್ಲಿ ಎಲ್ಲೂ ಇರಲಿಲ್ಲವಂತೆ. ಮಾಮ ಕೆಲಸಕ್ಕೆ ಸೇರಿ ಅದೇ ಕಡೆ ಇದ್ದಾಗ ಊರಿಗೆ ಕುಡಿಯುವ ನೀರಿನ ಪಂಪು ಬಂತು. ಪಂಪಿಗೆ ಲೈನು ಎಳೆಯಬೇಕು. ಹಾಕಿದ ನಕ್ಷೆಯಲ್ಲಿ ಲೈನು ಆ ಮರದ ಮೇಲೆ ಹಾಯ್ದಿತ್ತು. ಇನ್ನೆರಡು ಕಂಬ ಕೊಟ್ಟರೆ ಸುತ್ತಿ ಹೋಗಬಹುದು ಎಂದು ಇವರು ಕೇಳಿದರು. ಮೇಲಿನವರು ಕಂಬ ಇಲ್ಲ ಎಂದರು. ಜೊತೆಯ ಕೆಲಸಗಾರರು ನಿಮ್ಮ ಮನೆ ಮರ, ನಾವು ಕೊಡಲಿ ಹಾಕಲ್ಲ ಎಂದು ಹಿಂದೆ ಸರಿದರು. ಊರಿಗೆ ನೀರು ಬೇಕಿತ್ತು.

"ಬ್ಯಾರೆಯವ್ರು ಕಡಿಯೋದಕ್ಕಿಂತ ನಾನೇ ಕಡೀತೀನಿ ಅಂತ ಹತ್ತಿಬುಟ್ಟೆ. ಮರದ ತುಂಬ ಕಾಯಿದ್ವು," ಎಂದರು. "ಅಕ್ಕ ಬಾಗ್ಲಲ್ಲೇ ನಿಂತಿದ್ಲು. ಬೈಲಿಲ್ಲ. 'ಬ್ಯಾರೆ ಯಾರಾದ್ರೂ ಕಡಿದಿದ್ರೆ ಶಾಪ ಹಾಕ್ತಿದ್ದೆ, ನಿಂಗೆ ಏನ್ ಹಾಕ್ಲಿ' ಅಂದ್ಲು. ಅಷ್ಟೇ. ಆಮೇಲೆ ಮಾತಿಲ್ಲ."

ಬಲಿತ ಕಾಯಿಗಳನ್ನು ಹುಲ್ಲಲ್ಲಿ ಹಣ್ಣಿಗೆ ಹಾಕಿ, ಸಿಕ್ಕ ವಾಟೆಗಳನ್ನೆಲ್ಲ ಊರಿದರು. ಅದರಲ್ಲಿ ಬದುಕಿ ಗುಬ್ಬಿಗೆ ಬಂದವೇ ಆ ಹನ್ನೊಂದು. ಅಕ್ಕ ಮಾತ್ರ ಅವತ್ತಿನಿಂದ ಮಾವಿನ ಹಣ್ಣು ಮುಟ್ಟಿಲ್ಲವೆಂದು ಊರಿನವರು ಹೇಳುತ್ತಿದ್ದರಂತೆ.

ವಾಟೆಯಿಂದ ಬಂದ ಮರ ತಾಯಿಯಂತೆಯೇ ಇರುತ್ತದೆಂದು ಹೇಳಲು ಬರುವುದಿಲ್ಲ. ಅದು ಅವರಿಗೆ ನಮಗಿಂತ ಚೆನ್ನಾಗಿ ಗೊತ್ತಿತ್ತು. ಆದರೂ ಐದರಲ್ಲಿ ಒಂದಾದರೂ... ನಾಲ್ಕು ಆಗಿಹೋಗಿದ್ದವು. ಉಳಿದದ್ದು ನಮ್ಮ ಬಾವಿಯ ಆಚೆಗಿನದು.

ಅದೇ ವರ್ಷದ ಮಳೆಗಾಲದಲ್ಲಿ ಅವರು ಒದ್ದೆ ಕಂಬದಿಂದ ಜಾರಿ ಬಿದ್ದರು. ತಲೆಗೆ ಪೆಟ್ಟು. ತುಮಕೂರಿನ ಆಸ್ಪತ್ರೆಯಲ್ಲಿ ಒಂದು ತಿಂಗಳಿಗೂ ಹೆಚ್ಚು ಇದ್ದರು. ಅಕ್ಕನ ಮಗಳು ಬಂದು ನೋಡಿ ಹೋದಳು, ಅಕ್ಕ ಬರಲಿಲ್ಲ. ವಾಪಸು ಬಂದ ಮೇಲೆ ಸ್ವಲ್ಪ ಕುಂಟುತ್ತಿದ್ದರು. ಕಂಬ ಹತ್ತುವುದು ಬೇಡವೆಂದು ಆಫೀಸಿನಲ್ಲೇ ಕೂರುವ ಕೆಲಸ ಕೊಟ್ಟರು. ಮತ್ತೆಲ್ಲ ಮೊದಲಿನ ಹಾಗೇ ಎಂದುಕೊಂಡಿದ್ದೆವು.

ಮುಂದಿನ ಬೇಸಿಗೆಯಲ್ಲಿ ನಮ್ಮ ಮನೆಯ ಹಜಾರದಲ್ಲಿ ಗೋಣಿಚೀಲ ಮುಚ್ಚಿ ಒಂದು ಹಲಸಿನ ಹಣ್ಣು ಇಟ್ಟಿದ್ದೆವು. ಹಣ್ಣಾಗಿ ವಾಸನೆ ಬೀದಿ ತುಂಬ ಹರಡಿತ್ತು. ಬೀದಿ ತಿರುವಿನಿಂದಲೇ ಯಾರ ಮನೆಯಲ್ಲಿ ಯಾವ ಹಣ್ಣು ಎಂದು ಹೇಳುತ್ತಿದ್ದ ಮನುಷ್ಯ ಒಳಗೆ ಬಂದು, ಚೀಲ ಸರಿಸಿ, ಬೆರಳ ಗೆಣ್ಣಿನಿಂದ ಹಣ್ಣನ್ನು ಬಡಿದು ನೋಡಿ, "ಇನ್ನೂ ಎರಡ್ ದಿನ ಬೇಕು ಅನ್ಸುತ್ತೆ," ಎಂದರು. ನಾನು ಅವರ ಮುಖ ನೋಡಿದೆ. ಅವರೂ ನನ್ನನ್ನು ನೋಡಿದರು. ಅಮ್ಮ ಒಳಗಿದ್ದರು.

"ಬಿದ್ದಾಗಿಂದ ಹಿಂಗೇ ಮಗಾ," ಎಂದರು ಸಣ್ಣಗೆ. "ಸೀಮೆಎಣ್ಣೆನೂ ಗೊತ್ತಾಗಲ್ಲ, ಮಲ್ಲಿಗೇನೂ ಗೊತ್ತಾಗಲ್ಲ. ಬಾಯಿಗೆ ಹಾಕಿದ್ರೆ ಸಿಹಿ, ಹುಳಿ ಅಷ್ಟೇ. ಡಾಕ್ಟ್ರು ಇನ್ನು ಬರಲ್ಲ ಅಂದವ್ರೆ. ಯಾರ್ಗೂ ಹೇಳ್ಬೇಡ."

ನಾನು ಹೇಳಲಿಲ್ಲ. ಅವರು ಬೀಜ ಹಾಕುವುದನ್ನೂ ಬಿಡಲಿಲ್ಲ. ವಾಸನೆಯೇ ತಿಳಿಯದ ಮನುಷ್ಯ ಹಣ್ಣಿನ ಗಿಡ ಬೆಳೆಸುತ್ತಾ ಬಾಗಿಲಲ್ಲಿ ಕೂತಿರುವುದನ್ನು ನಾನು ಕಾಲೇಜಿಗೆ ಹೋಗುವಾಗ ದಿನವೂ ನೋಡುತ್ತಿದ್ದೆ. ಅದೇನು ಮನಸ್ಸೋ ಅನ್ನಿಸುತ್ತಿತ್ತು...

ನಮ್ಮ ಮರ ಎರಡು ಸಾವಿರದ ಇಸವಿಯಲ್ಲಿ ಹೂ ಬಿಟ್ಟಿತು. ನೆಟ್ಟು ಒಂಬತ್ತು ವರ್ಷ. ಹೂವೆಲ್ಲ ಉದುರಿ ಕೊನೆಗೆ ನಿಂತದ್ದು ಮೂರೇ ಕಾಯಿ. ದಿನ ಬಿಟ್ಟು ದಿನ ಮಾಮ ಕುಂಟುತ್ತಾ ಬಂದು ನೋಡಿಹೋಗುತ್ತಿದ್ದರು. ಮೇ ಕೊನೆಯಲ್ಲಿ ಕಿತ್ತು ಅಕ್ಕಿ ಡಬ್ಬದಲ್ಲಿ ಇಟ್ಟೆವು. ನಾಲ್ಕನೇ ದಿನ ಡಬ್ಬದ ಮುಚ್ಚಳ ತೆಗೆದರೆ ಅಡುಗೆಮನೆಯಿಂದ ಬೀದಿಬಾಗಿಲವರೆಗೆ ಘಮಘಮ. ಅಮ್ಮ ಒಂದನ್ನು ಹೆಚ್ಚಿ ತಟ್ಟೆಯಲ್ಲಿಟ್ಟು ಅವರ ಮುಂದೆ ಹಿಡಿದರು.

ಮಾಮ ಒಂದು ಹೋಳು ತಿಂದರು. ಇನ್ನೊಂದು ತಿಂದರು. ಅಭ್ಯಾಸದಿಂದ ಮೂಗಿನ ಹತ್ತಿರ ಒಯ್ದು, ಸುಮ್ಮನೆ ಕೆಳಗಿಳಿಸಿದರು.

"ಅದೇನಾ?" ಎಂದರು ಅಮ್ಮ.

"ಗೊತ್ತಾಗ್ತಿಲ್ಲ ಅಮ್ಮಾರೆ," ಎಂದು ತಲೆ ತಗ್ಗಿಸಿದರು. ಮೂರು ವರ್ಷ ಮುಚ್ಚಿಟ್ಟದ್ದನ್ನು ಅವತ್ತು ಅಮ್ಮನಿಗೆ ಹೇಳಿದರು. ಅಮ್ಮ ತಟ್ಟೆ ಹಿಡಿದೇ ಕೂತುಬಿಟ್ಟರು.

ನಾನು ಹೇಳಿದೆ, "ನಿಮ್ಮಕ್ಕಂಗೆ ಗೊತ್ತಾಗುತ್ತಲ್ಲ ಮಾಮ."

"ಹತ್ತೊರ್ಷ ಆಯ್ತು ಮಗಾ, ಆ ಬಾಗ್ಲಿಗೆ ಹೋಗಿ."

ಮಾರನೇ ದಿನ ಭಾನುವಾರ. ಅಮ್ಮ ನನ್ನನ್ನೂ ಜೊತೆಗೆ ಹೊರಡಿಸಿದರು. ಒಬ್ಬರನ್ನೇ ಕಳಿಸಿದರೆ ಕುಣಿಗಲ್ ಬಸ್‌ಸ್ಟ್ಯಾಂಡಿನಿಂದಲೇ ವಾಪಸು ಬರುತ್ತಾರೆ ಎಂಬುದು ಅವರ ಅನುಮಾನ. ತುಮಕೂರಲ್ಲಿ ಒಂದು ಬಸ್ಸು, ಕುಣಿಗಲ್‌ನಲ್ಲಿ ಇನ್ನೊಂದು. ಉಳಿದ ಎರಡು ಹಣ್ಣು ಬಟ್ಟೆಯ ಚೀಲದಲ್ಲಿ ಅವರ ತೊಡೆಯ ಮೇಲಿದ್ದವು. ಪಕ್ಕದಲ್ಲಿ ಕೂತಿದ್ದ ಅಜ್ಜ ಮೂಗರಳಿಸಿ, "ಏನ್ ಸ್ವಾಮಿ, ಹಣ್ಣು ಹಿಂಗ್ ಘಮ್ ಅಂತೈತೆ," ಎಂದ. ಮಾಮ ಹೌದೆಂದು ನಕ್ಕರು. ಬಸ್ಸಿಳಿದು ಅರ್ಧ ಗಂಟೆ ನಡೆದೆವು.

ಅಕ್ಕ ಜಗಲಿಯಲ್ಲಿ ಕೂತು ಹುಣಸೆಹಣ್ಣಿನ ಬೀಜ ಬಿಡಿಸುತ್ತಿದ್ದರು. ನೆರೆತ ಕೂದಲು, ತಮ್ಮನದೇ ಮೂಗು. ಕತ್ತೆತ್ತಿ ನೋಡಿದರು. ಬಾ ಎನ್ನಲಿಲ್ಲ, ಹೋಗು ಎನ್ನಲಿಲ್ಲ. ಕುಂಟುವ ಕಾಲನ್ನು ಒಂದು ಕ್ಷಣ ನೋಡಿ, ಎದ್ದು ಹೋಗಿ ಚೊಂಬಿನಲ್ಲಿ ನೀರು ತಂದು ನನ್ನ ಕೈಗೆ ಕೊಟ್ಟರು. ಮನೆಯ ಹಿಂದೆ, ಬರೀ ಬಯಲಿನ ಮೇಲೆ, ತಂತಿಗಳು ಹಾದುಹೋಗಿದ್ದವು.

ಮಾಮ ಚೀಲವನ್ನು ಅವರ ಮುಂದಿಟ್ಟರು. "ಅದ್ರ ವಾಟೇದು," ಎಂದರು.

ಅಕ್ಕ ಬಹಳ ಹೊತ್ತು ಚೀಲವನ್ನೇ ನೋಡಿದರು. ಹುಣಸೆಯ ಕೈಯನ್ನು ಸೆರಗಿಗೆ ಒರೆಸಿಕೊಂಡು ಒಂದು ಹಣ್ಣು ತೆಗೆದರು. ತೊಟ್ಟಿನ ಕಡೆ ಮೂಸಿದರು. ಮಾಮ ಗಿರಣಿಯವರ ಮನೆಯಲ್ಲಿ ನಿಂತ ಹಾಗೆಯೇ ಇವರೂ ಕಣ್ಣು ಮುಚ್ಚಿ ಕೂತರು. ಆಮೇಲೆ ಹಲ್ಲಿನಿಂದಲೇ ಸಿಪ್ಪೆ ಸೀಳಿ ತಿನ್ನತೊಡಗಿದರು. ರಸ ಮೊಣಕೈವರೆಗೆ ಇಳಿಯಿತು, ಒರೆಸಿಕೊಳ್ಳಲಿಲ್ಲ. ವಾಟೆ ಬೆಳ್ಳಗಾಗುವವರೆಗೂ ಚೀಪಿದರು. ನಾವಿಬ್ಬರೂ ನಿಂತೇ ಇದ್ದೆವು.

"ಅದಲ್ಲ ಕಣೋ," ಎಂದರು.

ಮಾಮ ತಲೆಯಾಡಿಸಿದರು.

"ಅದಲ್ಲ ಅಂದ್ರೆ... ಅವ್ವನ್ ದನಿ ನನ್ ಮಗಳಿಗೆ ಬಂದಿಲ್ವಾ, ಹಂಗೆ. ಅವ್ಳು ಅವ್ವ ಅಲ್ಲ. ಒಳಗಿಂದ ಕೂಗುದ್ರೆ ಒಂದ್ ಗಳಿಗೆ ಅವ್ವಾನೇ ಅನ್ಸುತ್ತೆ." ವಾಟೆಯನ್ನು ತಿರುಗಿಸಿ ನೋಡುತ್ತಾ ಕೇಳಿದರು, "ನಿಂಗೂ ಹಂಗೇ ಅನ್ನಿಸ್ತಾ?"

"ನಂಗೆ ತಿಳಿಯಕಿಲ್ಲಕ್ಕ. ಬಿದ್ದಾಗಿಂದ ವಾಸ್ನೆ ಇಲ್ಲ."

ಅಕ್ಕನ ಕೈ ನಿಂತಿತು. "ಬಿದ್ದಿದ್ದು ಗೊತ್ತಿತ್ತು," ಎಂದರು. "ಇದು ಗೊತ್ತಿರ್ಲಿಲ್ಲ." ಜಗಲಿಯ ಮೇಲೆ ಪಕ್ಕದ ಜಾಗವನ್ನು ಅಂಗೈಯಿಂದ ಒರೆಸಿದರು. "ಬಾ ಇಲ್ಲಿ. ಕೂತ್ಕೊ."

ಎರಡನೆಯ ಹಣ್ಣನ್ನು ಅವರು ಹೋಳು ಮಾಡಿದರು. ಒಂದು ತಮ್ಮನಿಗೆ, ಒಂದು ತಮಗೆ. ಇಬ್ಬರೂ ಒಟ್ಟಿಗೆ ಬಾಯಿಗೆ ಹಾಕಿಕೊಂಡರು. ಅಕ್ಕ ಹೇಳುತ್ತಾ ಹೋದರು.

"ಮೊದ್ಲು ತೊಟ್ಟಿನ ಕಡೆ ಸೋಂಪು ಅರೆದಂಗೆ ಬರ್ತದೆ. ಒಂಚೂರು. ಆಮೇಲೆ ನಾಲ್ಗೆ ತುದೀಲಿ ಒಗರು. ತಡಿ, ನುಂಗ್ಬೇಡ. ಈಗ ಆಲೆಮನೆ ವಾಸ್ನೆ. ಒಳಗೆ ಹೋದಾಗ ಬರೋದಲ್ಲ. ನಾವು ಸ್ಕೂಲಿಂದ ಗದ್ದೆ ಬದು ಮ್ಯಾಲೆ ಬರ್ಬೇಕಾದ್ರೆ ದೂರ್‌ದಿಂದ ಬರ್ತಿತ್ತಲ್ಲ, ಅಷ್ಟು. ಹಳೇದ್ರಲ್ಲಿ ಬೆಲ್ಲ ಜಾಸ್ತಿ, ಸೋಂಪು ಕಮ್ಮಿ. ಇದ್ರಲ್ಲಿ ಸೋಂಪೇ ಮುಂದೈತೆ..."

ಮಾಮ ಕಣ್ಣು ಮುಚ್ಚಿ ಅಗಿಯುತ್ತಿದ್ದರು. ಅವರ ಅಕ್ಕ ಒಂದೊಂದೇ ಮಾತನ್ನು ತುತ್ತಿನ ಹಾಗೆ ಇಡುತ್ತಿದ್ದರು.

"ಸಿಕ್ತಾ?"

"ಸಿಕ್ತಕ್ಕ."

ಸಿಕ್ಕಿತೋ ಇಲ್ಲವೋ ನನಗೆ ಇವತ್ತಿಗೂ ತಿಳಿಯದು. ಆದರೆ ಬಿದ್ದ ಮೇಲಿನ ಮೂರು ವರ್ಷದಲ್ಲಿ ಏನನ್ನು ತಿಂದಾಗಲೂ ಆ ಮುಖದಲ್ಲಿ ಅಂಥದ್ದನ್ನು ನಾನು ನೋಡಿರಲಿಲ್ಲ. ನನಗಾಗ ಇಪ್ಪತ್ತು ವರ್ಷ. ಒಬ್ಬರ ನಾಲಿಗೆಯ ಮೇಲಿರುವುದನ್ನು ಇನ್ನೊಬ್ಬರು ಬರೀ ಮಾತಿನಿಂದ ದಾಟಿಸುವುದನ್ನು ಜಗಲಿಯ ಕಂಬಕ್ಕೆ ಒರಗಿ ನೋಡಿದೆ.

"ಮುದ್ದೆ ಕೂಡುಸ್ತೀನಿ, ಉಣ್ಕಂಡ್ ಹೋಗಿ," ಎಂದು ಅಕ್ಕ ಎದ್ದರು. ಮಾಮ ಅಭ್ಯಾಸದಂತೆ ಎರಡೂ ವಾಟೆ ಒದ್ದೆ ಬಟ್ಟೆಯಲ್ಲಿ ಸುತ್ತಲು ಹೊರಟಾಗ ಅಕ್ಕ ಕೈ ಚಾಚಿದರು. "ಇಲ್ಲೇ ಬುಡು."

ಎರಡರಲ್ಲಿ ಒಂದು ಹುಟ್ಟಿತು. ಅದನ್ನು ಅಕ್ಕ ತಂತಿಯಿಂದ ಬಹಳ ದೂರ, ಮನೆಯ ಮುಂದಿನ ಬದಿಯಲ್ಲಿ ನೆಟ್ಟರು. ಆಮೇಲೆ ಪ್ರತಿವರ್ಷ ಮಾಮ ಊರಿಗೆ ಹೋಗಿ ಬರುತ್ತಿದ್ದರು. ಬಂದಾಗ ಗಿಡದ ಎತ್ತರವನ್ನು ತಮ್ಮ ಮೈಮೇಲೇ ತೋರಿಸುತ್ತಿದ್ದರು. ಒಂದು ವರ್ಷ ಸೊಂಟ, ಮುಂದೆ ಎದೆ, ಆಮೇಲೆ ಕೈಯನ್ನು ತಲೆಯ ಮೇಲಕ್ಕೆತ್ತಿ ನಗುತ್ತಿದ್ದರು.

ಅದು ಬಿಟ್ಟ ಹಣ್ಣನ್ನು ಅವರು ನೋಡಲಿಲ್ಲ. ಎರಡು ಸಾವಿರದ ಏಳರ ಮಳೆಗಾಲದಲ್ಲಿ, ಬೆಳಿಗ್ಗೆ ಆಫೀಸಿಗೆ ಹೊರಟವರು ಎದೆನೋವೆಂದು ಬಾಗಿಲಲ್ಲೇ ಕೂತರಂತೆ. ನಾನು ಮದುವೆಯಾಗಿ ತುಮಕೂರಿನಲ್ಲಿದ್ದೆ, ಕೈಯಲ್ಲಿ ಎಳೆಗೂಸು. ಸುದ್ದಿ ಬಂದಾಗ ಮಣ್ಣು ಮಾಡಿ ಆಗಿತ್ತು. ಒಂದು ವರ್ಷದಿಂದ ನಾನು ಅವರನ್ನು ಹೋಗಿ ನೋಡಿರಲಿಲ್ಲ. ನಾಳೆ ಹೋದರಾಯಿತು, ನಾಡಿದ್ದು ಹೋದರಾಯಿತು ಎಂದು...

ಎರಡು ವರ್ಷದ ಮೇಲೆ ಅಕ್ಕನ ಮಗಳು ಫೋನು ಮಾಡಿದಳು. "ಮರ ಬಿಟ್ಟೈತೆ, ಅವ್ವ ನಿನ್ನ ಕರೀತಾವ್ಳೆ," ಎಂದಳು. ಹೋದೆ. ಅಕ್ಕ ಬಹಳ ಬಾಗಿದ್ದರು. ನನ್ನೆದುರಿಗೇ ಹಣ್ಣು ಮೂಸಿ, ಸಿಪ್ಪೆ ಸೀಳಿ, ಮೊದಲ ತುತ್ತಿಗೇ ನಿಲ್ಲಿಸಿದರು.

"ಇದೇ ಕಣವ್ವ," ಎಂದರು. "ಬಂತು."

ನಾನೂ ತಿಂದೆ. ನಮ್ಮ ಹಿತ್ತಿಲ ಹಣ್ಣಿಗಿಂತ ಸೋಂಪು ಕಡಿಮೆ, ಬೆಲ್ಲ ಹೆಚ್ಚು ಎನ್ನಿಸಿತು. ಅಕ್ಕ ಹೇಳಿದ್ದರಿಂದ ಹಾಗೆನ್ನಿಸಿತೋ, ನಿಜವಾಗಿ ಇತ್ತೋ... ಮೊಮ್ಮಗುವಿನಲ್ಲಿ ಅಜ್ಜಿ ಬರುವುದುಂಟು. ಇಪ್ಪತ್ತು ವರ್ಷದ ಹಿಂದಿನ ರುಚಿ ಆ ವಯಸ್ಸಿನಲ್ಲಿ ಮಸುಕಾಗುವುದೂ ಉಂಟು. ನಾನು ಮರುಪ್ರಶ್ನೆ ಕೇಳಲಿಲ್ಲ. ಅವರು ಒಂದು ಹೋಳನ್ನು ಬೇರೆ ತೆಗೆದು, ಜಗಲಿಯ ಮೇಲೆ ಪಕ್ಕದ ಖಾಲಿ ಜಾಗದಲ್ಲಿಟ್ಟರು.

ಅಕ್ಕ ಹೋಗಿಯೂ ಈಗ ಬಹಳ ವರ್ಷವಾಯಿತು. ಗುಬ್ಬಿಯ ನಮ್ಮ ಮನೆ ಬೇರೆಯವರದಾಗಿದೆ. ಅಕ್ಕನ ಮಗಳು ಮಾತ್ರ ಮರೆಯದೆ ಪ್ರತಿವರ್ಷ ಕುಣಿಗಲ್ ಬಸ್ಸಿನಲ್ಲಿ ಒಂದು ಚೀಲ ಹಣ್ಣು ಕಳಿಸುತ್ತಾಳೆ. ಮೊನ್ನೆ ಭಾನುವಾರವೂ ಬಂತು. ನನ್ನ ಮಗಳು ಬಾಲ್ಕನಿಯಲ್ಲಿ ನಿಂತು ಎರಡು ತಿಂದಳು. ಇದು ಯಾವ ಜಾತಿ ಎಂದು ಕೇಳಿದಳು. ಹೆಸರಿಲ್ಲ ಎಂದೆ. ಈ ಹಣ್ಣು ಅದೇ ಹೌದೋ ಅಲ್ಲವೋ ಎಂದು ಹೇಳಬಲ್ಲವರು ಲೋಕದಲ್ಲಿ ಇಬ್ಬರೇ ಇದ್ದರು. ಈಗ ಯಾರೂ ಇಲ್ಲ.